ಯಾರ ಪೈಕಿ ಎಂದು ಕೇಳದ ನಕಾಶೆ

ದುರ್ಗದಬೈಲಿನಲ್ಲಿ ನಿಂತು ಯಾವುದಾದರೂ ಮನೆಯ ವಿಳಾಸ ಕೇಳಿದರೆ ಆಗ ಮೊದಲು ಸಿಗುತ್ತಿದ್ದುದು ಮರುಪ್ರಶ್ನೆ. "ಯಾರ ಮನಿಗ್ರಿ?" ಹೆಸರು ಹೇಳಿದರೆ, "ಹೌದಾ, ನೀವು ಅವರ ಪೈಕಿ ಏನ್ರಿ?" ಅಡ್ಡಹೆಸರು ಹೇಳಿದ ಮೇಲೆ ಮೂರನೆಯ ಪ್ರಶ್ನೆ ಬೇಕಾಗುತ್ತಿರಲಿಲ್ಲ. ಜಾತಿ ಯಾವುದು, ಯಾವ ಕಡೆಯವರು, ಎಷ್ಟು ಮರ್ಯಾದೆ ಕೊಡಬೇಕು ಎಂಬುದೆಲ್ಲ ಅಷ್ಟರಲ್ಲಿ ಇತ್ಯರ್ಥವಾಗಿರುತ್ತಿತ್ತು. ಆಮೇಲೆ ಕೈ ಮೇಲೇಳುತ್ತಿತ್ತು. "ಹಿಂಗ ಸೀದಾ ಹೋಗ್ರಿ, ಗುಡಿ ಮುಂದ ಎಡಕ್ಕ ಹೊಳ್ರಿ, ಅಲ್ಲಿ ಯಾರನ್ನರ ಕೇಳ್ರಿ." ಅಲ್ಲಿ ಕೇಳಿದರೆ ಮತ್ತೆ ಮೊದಲಿನಿಂದ ಶುರು.

1980ರ ದಶಕದ ಹುಬ್ಬಳ್ಳಿಯಲ್ಲಿ ಪೇಟೆಯ ಒಳಗಿನ ಓಣಿಗಳನ್ನು ಹೊಕ್ಕು ಹೊರಬರಲು ಇದ್ದ ವ್ಯವಸ್ಥೆ ಇಷ್ಟೇ. ದುರ್ಗದಬೈಲಿನಿಂದ ಒಂದು ಕಡೆ ಬ್ರಾಡ್‌ವೇ, ಇನ್ನೊಂದು ಕಡೆ ಜವಳಿ ಸಾಲು, ಆಚೆ ದಾಜಿಬಾನ ಪೇಟೆ, ನಡುವೆ ಹೆಸರಿನ ಹಲಗೆಯೇ ಇಲ್ಲದ ಗಲ್ಲಿಗಳು. ಮನೆಗಳಿಗೆ ನಂಬರು ಇರಲಿಲ್ಲವೆಂದಲ್ಲ. ಮುಂಬೈ ಇಲಾಖೆಯ ಕಾಲದಿಂದ ಬಂದ ಸಿಟಿ ಸರ್ವೇಯ (ಸಿಟಿಎಸ್) ನಂಬರು ಪ್ರತಿ ಜಾಗಕ್ಕೂ ಇತ್ತು, ಈಗಲೂ ಇದೆ. ಆದರೆ ಅದು ಉತಾರ ತೆಗೆಸುವವರಿಗೆ, ಸಾಲ ಕೊಡುವ ಬ್ಯಾಂಕಿಗೆ, ದಾವೆ ಹೂಡಿದ ಅಣ್ಣತಮ್ಮಂದಿರಿಗೆ ಬೇಕಾದ ನಂಬರು. ಆ ನಂಬರು ಹಿಡಿದು ಯಾರ ಮನೆಗೂ ಊಟಕ್ಕೆ ಹೋಗಲಾಗುತ್ತಿರಲಿಲ್ಲ. ಊರಿನ ಗುರುತುಗಳೆಂದರೆ ಗುಡಿ, ಮಸೀದಿ, ಗಿರಣಿ, ಟಾಕೀಸು. ಅಪ್ಸರಾ ಟಾಕೀಸಿನ ಹಿಂದೆ, ಭಾರತ ಮಿಲ್ ಎದುರಿಗೆ, ಕಾಟನ್ ಮಾರ್ಕೆಟ್ ದಾಟಿ ಎಂದರೆ ಟಾಂಗಾದವನಿಗೂ ತಿಳಿಯುತ್ತಿತ್ತು, ಪೋಸ್ಟಿನವನಿಗೂ ತಿಳಿಯುತ್ತಿತ್ತು.

ಆಗ ಜನ ಒಬ್ಬರನ್ನೊಬ್ಬರು ಮಾತಾಡಿಸುತ್ತಿದ್ದರು, ಈಗ ಎಲ್ಲರೂ ಫೋನು ನೋಡುತ್ತ ನಡೆಯುತ್ತಾರೆ ಎಂದು ಹಳಹಳಿಸುವವರು ನನ್ನ ವಯಸ್ಸಿನವರಲ್ಲಿ ಬಹಳ. ಆ ಹಳಹಳಿಕೆಗೆ ನಾನು ದನಿಗೂಡಿಸಲಾರೆ. ಅಡ್ಡಹೆಸರು ಹೇಳಲು ಅಂಜಬೇಕಾಗಿಲ್ಲದವರಿಗೆ ಆ ಮಾತುಕತೆ ಸೊಗಸಾಗಿತ್ತು. ಅಂಜುವವರು ಕೇಳದೆಯೇ ಸುತ್ತಾಡಿ ಹುಡುಕುತ್ತಿದ್ದರು, ಇಲ್ಲವೇ ಸುಳ್ಳು ಹೇಳುತ್ತಿದ್ದರು. ಒಬ್ಬಳೇ ಬಂದ ಹೆಂಗಸಿಗೆ "ಯಾರ ಮನಿಗೆ, ಯಾಕ" ಎಂಬುದು ತನಿಖೆಯೇ ಆಗುತ್ತಿತ್ತು. ಕೂಡಿ ಬಾಳುವ ಊರು ಎಂದು ನಾವು ಕರೆದುಕೊಂಡದ್ದರಲ್ಲಿ ಕಾವಲು ಕಾಯುವ ಕೆಲಸವೂ ಸೇರಿತ್ತು.

ದಾರಿ ಹೇಳುವುದರಲ್ಲಿ ಇಷ್ಟು ಬಿಗಿಯಾಗಿದ್ದ ಬೈಲು ಅಭಿಪ್ರಾಯ ಹೇಳುವುದರಲ್ಲಿ ಮಾತ್ರ ಬಲು ಧಾರಾಳಿ. ಸಂಜೆ ಗಾಡಿಗಳು ಬಂದು ನಿಂತು, ಗಿರ್ಮಿಟ್ಟಿನ ತಟ್ಟೆ ಕೈಗೆ ಬಂದು, ಮಿರ್ಚಿ ಭಜಿ ಎಣ್ಣೆಯಿಂದ ಮೇಲೆ ಬರುವಷ್ಟರಲ್ಲಿ ದಿಲ್ಲಿಯ ಸರ್ಕಾರ ಎರಡು ಸಲ ಬಿದ್ದು ಎದ್ದಿರುತ್ತಿತ್ತು. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು ವಜಾ ಮಾಡಿದಾಗ ನಡೆದ ವಾದ ನನಗೆ ನೆನಪಿದೆ. ಅವರು ಹುಬ್ಬಳ್ಳಿಯವರು ಎಂಬ ಕಾರಣಕ್ಕೆ ಅರ್ಧ ಮಂದಿ ಅವರ ಪರ, ಅದೇ ಕಾರಣಕ್ಕೆ ಉಳಿದರ್ಧ ಮಂದಿ ವಿರುದ್ಧ. ಎಷ್ಟು ಶಾಸಕರು ಯಾರ ಕಡೆ ಎಂಬ ಲೆಕ್ಕ ಪ್ರತಿಯೊಬ್ಬರಿಗೂ ಗೊತ್ತಿತ್ತು, ಒಬ್ಬರ ಲೆಕ್ಕ ಇನ್ನೊಬ್ಬರದಕ್ಕೆ ತಾಳೆಯಾಗುತ್ತಿರಲಿಲ್ಲ. 1994ರ ಮಾರ್ಚ್‌ನಲ್ಲಿ ಇದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ ಮುಖ್ಯ ಮಾತು: ಬಹುಮತ ಇದೆಯೋ ಇಲ್ಲವೋ ಎಂಬುದನ್ನು ರಾಜಭವನದಲ್ಲಿ ಅಂದಾಜು ಮಾಡುವಂತಿಲ್ಲ, ಸದನದಲ್ಲಿ ಎಣಿಸಿ ನೋಡಬೇಕು. ನಮ್ಮೂರಿನವರ ಹೆಸರಿನ ಜತೆ ಸೇರಿಕೊಂಡಿರುವ ಆ ತೀರ್ಪು ದೇಶದ ಕಾನೂನು ಪುಸ್ತಕಗಳಲ್ಲೆಲ್ಲ ಇದೆ. ದುರ್ಗದಬೈಲಿನ ವಾದದ ಪದ್ಧತಿ ಅದರಿಂದ ಏನೂ ಬದಲಾಗಲಿಲ್ಲ. ಎಣಿಸಿ ನೋಡುವ ತ್ರಾಸು ಯಾರಿಗೆ ಬೇಕು?

ಆ ಕಾಲದಲ್ಲಿ ನಕಾಶೆ ಎಂದರೆ ನಮಗೆ ಸಾಲಿಯ ಗೋಡೆಯ ಮೇಲಿನ ಭಾರತದ ಪಟ, ಇಲ್ಲವೇ ಮೋಜಣಿಯವರ ಕೈಯಲ್ಲಿನ ಹಳದಿಗಟ್ಟಿದ ಹಾಳೆ. ದೇಶದ ನಕಾಶೆ ಬರೆಯುವ ಅಧಿಕಾರ 1767ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಹುಟ್ಟುಹಾಕಿದ ಸರ್ವೇ ಆಫ್ ಇಂಡಿಯಾದ್ದು. ಸೈನ್ಯಕ್ಕೆ, ಕಂದಾಯಕ್ಕೆ ಬೇಕು ಎಂದು ಹುಟ್ಟಿದ ಇಲಾಖೆ ಅದು. ಸ್ವಾತಂತ್ರ್ಯ ಬಂದ ಮೇಲೂ ನಕಾಶೆ ಕಂಡರೆ ಸರ್ಕಾರಕ್ಕೆ ಗುಮಾನಿ ಉಳಿಯಿತು. ಇಲಾಖೆಯ ಹಾಳೆಗಳಲ್ಲಿ ಹಲವನ್ನು ಸಾಮಾನ್ಯರು ಕೊಳ್ಳುವಂತಿರಲಿಲ್ಲ. ಸೈನ್ಯಕ್ಕೊಂದು ಮಾಲೆ, ಸಾರ್ವಜನಿಕರಿಗೊಂದು ಮಾಲೆ ಎಂದು ಬೇರ್ಪಡಿಸಿದ್ದೇ 2005ರ ನಕ್ಷೆ ನೀತಿಯಲ್ಲಿ. ಸಾರ್ವಜನಿಕ ಹಾಳೆಗಳನ್ನು ಅಂತರ್ಜಾಲದಿಂದ ಪುಕ್ಕಟೆ ಇಳಿಸಿಕೊಳ್ಳಲು ಬಿಟ್ಟದ್ದು 2017ರಲ್ಲಿ, ಅದೂ ಆಧಾರ್ ನಂಬರು ಕೊಟ್ಟ ಮೇಲೆ. ಸಿಕ್ಕರೂ ಅದರಿಂದ ನಮಗೇನೂ ಆಗುವಂತಿರಲಿಲ್ಲ. ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರ್ ಅಳತೆಯ ಆ ಹಾಳೆಯಲ್ಲಿ ದುರ್ಗದಬೈಲು ಒಂದು ಸಾಸಿವೆಕಾಳಿನಷ್ಟು.

ಈ ಕಟ್ಟು ಸಡಿಲಾದದ್ದು ಎರಡು ದೂರದ ತೀರ್ಮಾನಗಳಿಂದ. 2000ದ ಮೇ ತಿಂಗಳಲ್ಲಿ ಅಮೆರಿಕ ತನ್ನ ಜಿಪಿಎಸ್ ಸಂಕೇತವನ್ನು ನಾಗರಿಕರಿಗೆ ಬೇಕೆಂದೇ ಕೆಡಿಸಿ ಕೊಡುವುದನ್ನು ನಿಲ್ಲಿಸಿತು. ನೂರು ಮೀಟರ್ ಆಚೀಚೆ ತೋರಿಸುತ್ತಿದ್ದ ಯಂತ್ರ ರಾತ್ರಿ ಬೆಳಗಾಗುವುದರೊಳಗೆ ನಾವು ರಸ್ತೆಯ ಯಾವ ಬದಿಗೆ ಇದ್ದೇವೆ ಎಂಬುದರ ಸಮೀಪಕ್ಕೆ ಬಂತು. 2004ರಲ್ಲಿ ಸ್ಟೀವ್ ಕೋಸ್ಟ್ ಎಂಬ ಆಂಗ್ಲ ತರುಣ ಓಪನ್‌ಸ್ಟ್ರೀಟ್‌ಮ್ಯಾಪ್ ಶುರು ಮಾಡಿದ. ಬ್ರಿಟನ್ನಿನಲ್ಲಿ ತೆರಿಗೆ ಹಣದಿಂದ ತಯಾರಾದ ನಕಾಶೆಯನ್ನು ಅದೇ ತೆರಿಗೆ ಕಟ್ಟಿದವರು ಮತ್ತೆ ದುಬಾರಿ ಬೆಲೆಗೆ ಕೊಳ್ಳಬೇಕಾಗಿತ್ತು, ಅದು ಅವನ ಸಿಟ್ಟು. ಯಾರು ಬೇಕಾದರೂ ತಮ್ಮ ಓಣಿಯನ್ನು ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಆದರೆ ಎಲ್ಲಿಂದ ಬಂತೆಂದು ಹೇಳಬೇಕು. ಈಗ ಅದರಲ್ಲಿ ಹೆಸರು ನೋಂದಾಯಿಸಿದವರು ಒಂದು ಕೋಟಿ ದಾಟಿದ್ದಾರೆ.

ನಾನು ಅದಕ್ಕೆ ಕೈ ಹಚ್ಚಿದ್ದು 2010ರ ಸುಮಾರಿಗೆ. ಆಗ ಹುಬ್ಬಳ್ಳಿಯ ಜಾಗದಲ್ಲಿ ಇದ್ದುದು ರೈಲು ಹಳಿ, ಹೆದ್ದಾರಿ, ಕೆಲವು ದೊಡ್ಡ ರಸ್ತೆ. ಪೇಟೆ ಖಾಲಿ ಬಯಲು. ಅದೇ ವರ್ಷ ಮೈಕ್ರೋಸಾಫ್ಟ್ ತನ್ನ ಬಿಂಗ್ ಉಪಗ್ರಹ ಚಿತ್ರಗಳ ಮೇಲೆ ಗೆರೆ ಎಳೆಯಲು ಸ್ವಯಂಸೇವಕರಿಗೆ ಅನುಮತಿ ಕೊಟ್ಟಿತು. ಮನೆಯಲ್ಲಿ ಕುಳಿತು ಸೂರು ನೋಡಿ ರಸ್ತೆ ಬರೆಯಬಹುದು, ಆದರೆ ಹೆಸರು ಸೂರಿನ ಮೇಲೆ ಬರೆದಿರುವುದಿಲ್ಲ. ಜವಳಿ ಸಾಲಿನಲ್ಲಿ ಅಂಗಡಿಗಳು ಮುಂದೆ ಚಾಚಿದ ತಗಡಿನ ಕೆಳಗೆ ದಾರಿ ಇದೆ ಎಂಬುದು ಆಕಾಶದಿಂದ ತಿಳಿಯುವುದಿಲ್ಲ. ಎತ್ತರದ ಗೋಡೆಗಳ ನಡುವಿನ ಗಲ್ಲಿಗಳಲ್ಲಿ ಜಿಪಿಎಸ್ ಸಂಕೇತ ಗೋಡೆಗೆ ಬಡಿದು ಬರುವುದರಿಂದ ನಾನು ನಡೆದ ದಾರಿ ಯಾರದೋ ಪಡಸಾಲೆಯ ಮೂಲಕ ಹಾದುಹೋಗಿರುತ್ತಿತ್ತು. ಕಡೆಗೆ ಹಾಳೆ, ಪೆನ್ಸಿಲ್ ಹಿಡಿದು ನಡೆಯುವುದೇ ಖರೇ ದಾರಿ.

ನಡೆಯುವವನನ್ನು ಬೈಲು ಸುಮ್ಮನೆ ಬಿಡುತ್ತದೆಯೇ? "ಏನ್ ಬರ್ಕೊಳ್ಳಾಕತ್ತೀರಿ? ರಸ್ತೆ ಅಗಲ ಮಾಡ್ತಾರೇನ್ರಿ?" ಎಂಬುದು ಎಲ್ಲ ಓಣಿಗಳ ಸಮಾನ ಪ್ರಶ್ನೆ. ಅಳೆಯುವವರು ಬಂದರೆ ಹಿಂದೆಯೇ ಗೋಡೆಗೆ ಕೆಂಪು ಗುರುತು ಬೀಳುತ್ತದೆ, ಅದರ ಹಿಂದೆ ಬುಲ್ಡೋಜರು ಎಂಬುದು ಹಳೇ ಪೇಟೆಯ ಅನುಭವ. ಸರ್ಕಾರದ ಕೆಲಸ ಅಲ್ಲ, ಪಗಾರ ಇಲ್ಲ, ಸುಮ್ಮನೆ ಬರೆಯುತ್ತಿದ್ದೇನೆ ಎಂದರೆ ಗುಮಾನಿ ಇನ್ನೂ ಹೆಚ್ಚುತ್ತಿತ್ತು. ಪುಕ್ಕಟೆ ಕೆಲಸ ಮಾಡುವವನ ಹಿಂದೆ ಯಾವುದೋ ಪಕ್ಷ ಇರಲೇಬೇಕು ಎಂಬುದು ನಮ್ಮವರ ತರ್ಕ. ಅದು ದಡ್ಡತನವಲ್ಲ. ನಕಾಶೆ ಹಿಡಿದು ಬಂದವರು ಇದುವರೆಗೆ ಯಾರೂ ಬಡವರಿಗೆ ಏನನ್ನೂ ಕೊಟ್ಟಿರಲಿಲ್ಲ.

ಬರೆಯಲು ಕುಳಿತಾಗ ಹೆಸರುಗಳ ರಾಜಕೀಯ ತಾನಾಗಿ ಎದ್ದು ಬರುತ್ತದೆ. 2014ರ ನವೆಂಬರ್ 1ರಂದು ಹುಬ್ಳಿ ಅಧಿಕೃತವಾಗಿ ಹುಬ್ಬಳ್ಳಿಯಾಯಿತು, ಅದೇ ದಿನ ಬೆಳಗಾವಿಯೂ ಸೇರಿ ರಾಜ್ಯದ ಹನ್ನೊಂದು ಬೇರೆ ಊರುಗಳ ಹೆಸರೂ ಬದಲಾಯಿತು. ಊರಿನ ಹೆಸರು ತಿದ್ದಿದೆವು, ಮುಂಬೈ ಗವರ್ನರನಾಗಿದ್ದ ಲ್ಯಾಮಿಂಗ್ಟನ್ ಮಾತ್ರ ತನ್ನ ರಸ್ತೆಯಲ್ಲಿ ಹಾಗೆಯೇ ಉಳಿದ, ಯಾರಿಗೂ ಅವನ ಮೇಲೆ ದ್ವೇಷವಿಲ್ಲ. ನ್ಯಾಯಾಲಯ 2018ರಲ್ಲಿ ತಿಮ್ಮಸಾಗರದ ಹೊಸ ಕಟ್ಟಡಕ್ಕೆ ಹೋಯಿತು, ಕೋರ್ಟ್ ಸರ್ಕಲ್ ಎಲ್ಲೂ ಹೋಗಲಿಲ್ಲ. ಗಂಗಾಧರನಗರದ ಕಡೆ 'ಸೆಟಲ್‌ಮೆಂಟ್' ಎಂಬ ಹೆಸರಿದೆ. ಬ್ರಿಟಿಷರು ಕೆಲವು ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಪಟ್ಟ ಕಟ್ಟಿ, ಬೇಲಿಯೊಳಗೆ ಕೂಡಿ, ಹಾಜರಿ ತೆಗೆದುಕೊಳ್ಳುತ್ತಿದ್ದ ವಸಾಹತು ಅದು. ಕಾಯ್ದೆ 1952ರಲ್ಲಿ ರದ್ದಾಯಿತು, ಹೆಸರು ರದ್ದಾಗಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಕೂಗುವುದು ಅದನ್ನೇ.

ಓಣಿಗಳ ಹೆಸರಿನದು ಇದಕ್ಕಿಂತ ಸಿಕ್ಕು. ನಮ್ಮ ಪೇಟೆಯಲ್ಲಿ ಕಸುಬು, ಜಾತಿ, ಧರ್ಮ ಹೇಳದ ಓಣಿ ಕಡಿಮೆ: ಕಂಚಗಾರ ಗಲ್ಲಿ, ಮರಾಠಾ ಗಲ್ಲಿ, ಮುಲ್ಲಾ ಓಣಿ. ಮೇಲಿನವರಿಗೆ ಇದು ಮೀಸೆ ತಿರುವುವ ಸಂಗತಿ, ಕೆಳಗಿನವರಿಗೆ ವಿಳಾಸ ಹೇಳಿದ ಕೂಡಲೇ ಅಂಟುವ ಚೀಟಿ. ಮಹಾರಾಷ್ಟ್ರ ಸರ್ಕಾರ 2020ರಲ್ಲಿ ಜಾತಿಯ ಹೆಸರಿನ ವಸತಿಗಳ ಹೆಸರು ಬದಲಿಸಲು ತೀರ್ಮಾನಿಸಿತು. ಸ್ವಯಂಸೇವಕರ ನಕಾಶೆಯ ನಿಯಮ ಸರಳ: ನೆಲದ ಮೇಲೆ ಏನಿದೆಯೋ ಅದನ್ನು ಬರೆ, ಏನಿರಬೇಕಿತ್ತು ಎಂಬುದನ್ನಲ್ಲ. ಈ ನಿಯಮ ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ಓಣಿಯ ಹೆಸರನ್ನು ಪಕ್ಕದ ಓಣಿಯವರಿಂದ ಕೇಳಿ ಬರೆಯಬಾರದು, ಆ ಓಣಿಯವರನ್ನೇ ಕೇಳಬೇಕು. ಹಲವು ಕಡೆ ಒಳಗಿನವರು ಹೇಳುವ ಹೆಸರೇ ಬೇರೆ, ಸಾಮಾನ್ಯವಾಗಿ ಅಂಬೇಡ್ಕರರದ್ದೋ ಒಬ್ಬ ಶರಣರದ್ದೋ ಇರುತ್ತದೆ. ಹೊರಗಿನವರಿಗೆ ಅದು ಗೊತ್ತೇ ಇರುವುದಿಲ್ಲ, ಗೊತ್ತಿದ್ದರೂ ಬಾಯಿಗೆ ಬರುವುದಿಲ್ಲ.

ಈದ್ಗಾ ಮೈದಾನದ ಮಾತು ಬಿಡುವಂತಿಲ್ಲ. 1994ರ ಆಗಸ್ಟ್ 15ರಂದು ಗೋಲಿಬಾರು ಕಂಡ ಜಾಗ ಅದು. ಅದಕ್ಕೆ ರಾಣಿ ಚೆನ್ನಮ್ಮನ ಹೆಸರು ಹೇಳುವವರೂ ಇದ್ದಾರೆ. ಮಾಲಕಿ ಯಾರದ್ದು ಎಂಬ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 2010ರಲ್ಲಿ ಮಹಾನಗರ ಪಾಲಿಕೆಯ ಪರ ಮುಗಿಯಿತು, ವಾದ ಮುಗಿಯಲಿಲ್ಲ. ಈ ನಕಾಶೆಯಲ್ಲಿ ಒಂದು ಜಾಗಕ್ಕೆ ಮುಖ್ಯ ಹೆಸರಿನ ಖಾನೆ ಒಂದು, ಬೇರೆ ಹೆಸರುಗಳಿಗೆ ಇನ್ನೊಂದು ಖಾನೆ, ಕನ್ನಡ, ಮರಾಠಿ, ಉರ್ದುವಿಗೆ ತಲಾ ಒಂದೊಂದು. ಬೆಳಗಾವಿಯ ಹೆಸರಿನ ಜಗಳಕ್ಕೂ ಅದೇ ವ್ಯವಸ್ಥೆ. ಗಣಕಕ್ಕೆ ಇಷ್ಟು ಖಾನೆ ಸಾಕು. ಮನುಷ್ಯರಿಗೆ ಮೊದಲ ಖಾನೆಯೇ ಬೇಕು.

ದೇಶದ ಗಡಿಯ ವಿಷಯಕ್ಕೆ ಬಂದರೆ ಕಾನೂನೇ ನಡುವೆ ಬರುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಕಾಶ್ಮೀರದಲ್ಲಿ ಯಾರ ಹಿಡಿತ ಎಲ್ಲಿಯವರೆಗೆ ಇದೆಯೋ ಅಲ್ಲಿಗೆ ಗೆರೆ ಎಳೆಯುತ್ತದೆ. ಸರ್ವೇ ಆಫ್ ಇಂಡಿಯಾದ ಗಡಿಗೆ ಹೊಂದದ ನಕಾಶೆ ಪ್ರಕಟಿಸುವುದು ನಮ್ಮಲ್ಲಿ ಅಪರಾಧ. 2013ರಲ್ಲಿ ಗೂಗಲ್ ಕಂಪನಿ ಭಾರತದಲ್ಲಿ ಜನರಿಂದ ನಕಾಶೆ ತುಂಬಿಸುವ 'ಮ್ಯಾಪಥಾನ್' ನಡೆಸಿದಾಗ ಸರ್ವೇ ಆಫ್ ಇಂಡಿಯಾ ಪೊಲೀಸರಿಗೆ ದೂರು ಕೊಟ್ಟಿತು, ಮರುವರ್ಷ ಸಿಬಿಐ ಪ್ರಾಥಮಿಕ ವಿಚಾರಣೆಗೆ ಕೈ ಹಾಕಿತು. 2016ರಲ್ಲಿ ಕೇಂದ್ರ ಸರ್ಕಾರ ತಂದ ನಕಾಶೆಗಳ ಕರಡು ಮಸೂದೆಯಂತೂ ದೇಶದ ಗಡಿ ತಪ್ಪಾಗಿ ತೋರಿಸಿದವರಿಗೆ ನೂರು ಕೋಟಿ ರೂಪಾಯಿವರೆಗೆ ದಂಡ, ಏಳು ವರ್ಷದವರೆಗೆ ಜೈಲು ಎಂದಿತ್ತು. ಓಣಿಯ ನಳ ಎಲ್ಲಿದೆ ಎಂದು ಗುರುತು ಹಾಕುವವನೂ ಪರವಾನಗಿ ತೆಗೆದುಕೊಳ್ಳಬೇಕಾಗುತ್ತಿತ್ತು. ಟೀಕೆ ಜೋರಾಗಿ ಅದು ಕಾಯ್ದೆಯಾಗಲಿಲ್ಲ. 2021ರ ಫೆಬ್ರವರಿ 15ರಂದು ಅದೇ ಕೇಂದ್ರ ಸರ್ಕಾರ ಭಾರತೀಯರು ನಕಾಶೆ ಮಾಡಲು ಮುಂಗಡ ಅನುಮತಿ ಬೇಡ ಎಂದು ಹೊಸ ಮಾರ್ಗಸೂಚಿ ಹೊರಡಿಸಿತು. ಐದು ವರ್ಷದೊಳಗೆ ಜೈಲಿನಿಂದ ಪ್ರೋತ್ಸಾಹಕ್ಕೆ! ನಡುವೆ ನೆಲ ಬದಲಾಗಿರಲಿಲ್ಲ. ಮನೆಮನೆಗೆ ಸಾಮಾನು ತಲುಪಿಸುವ ವ್ಯಾಪಾರ ಬೆಳೆದಿತ್ತು, ಅದಕ್ಕೆ ನಕಾಶೆ ಬೇಕಾಗಿತ್ತು.

ಬೈಲಿನಲ್ಲಿ ಈ ಗಡಿಯ ಗೆರೆ ತೋರಿಸಿದರೆ ಈಗಲೂ ಹತ್ತು ಮಂದಿ ಕೂಡುತ್ತಾರೆ. ಎರಡು ಸಾವಿರ ಕಿಲೋಮೀಟರ್ ಆಚೆಯ ಗೆರೆಯ ಬಗ್ಗೆ ಇಷ್ಟು ಖಚಿತವಾಗಿ ಮಾತಾಡುವವರಿಗೆ ಇನ್ನೂರು ಹೆಜ್ಜೆಯ ಆಚೆ ಹೆಂಗಸರಿಗೆ ಶೌಚಾಲಯ ಎಲ್ಲಿದೆ, ಅದಕ್ಕೆ ಬೀಗ ಬಿದ್ದಿದೆಯೋ ತೆರೆದಿದೆಯೋ ಎಂದು ಕೇಳಿ. ಉತ್ತರ ಬರುವುದಿಲ್ಲ. ಮದುವೆ ಜವಳಿಗೆಂದು ಕುಂದಗೋಳ, ನವಲಗುಂದದಿಂದ ಬಂದು ಸಿಬಿಟಿ ಬಸ್ ನಿಲ್ದಾಣದಲ್ಲಿ ಇಳಿಯುವ ಹೆಂಗಸರಿಗೆ ಮೊದಲು ಬೇಕಾದ ಮಾಹಿತಿ ಅದು. ಸ್ವಯಂಸೇವಕರ ನಕಾಶೆಯೂ ಇಲ್ಲಿ ಸಾಚಾ ಅಲ್ಲ. ಅದನ್ನು ಬರೆಯುವವರಲ್ಲಿ ಗಂಡಸರೇ ಬಹುಪಾಲು ಎಂದು ಅಧ್ಯಯನಗಳು ತೋರಿಸಿವೆ. ಒಂದು ಕಾಲಕ್ಕೆ ಅದರಲ್ಲಿ ಬಾರು, ಕ್ಲಬ್ಬುಗಳಿಗೆ ಬಗೆಬಗೆಯ ಗುರುತು ಇದ್ದು, ಕೂಸು ನೋಡಿಕೊಳ್ಳುವ ಕೇಂದ್ರಕ್ಕೊಂದು ಗುರುತು ಬೇಕೆಂದಾಗ ಮತ ಹಾಕಿ ತಳ್ಳಿಹಾಕಿದ್ದರು. ಬರೆಯುವವರು ಯಾರೋ ಅವರ ಊರು ಮಾತ್ರ ಕಾಣುತ್ತದೆ, ಹಿಂದಿನ ಕಂಪನಿ ಸರ್ಕಾರದ ನಕಾಶೆಗೆ ಹೇಳುವ ಮಾತನ್ನು ನಮಗೂ ಹೇಳಿಕೊಳ್ಳಬೇಕು.

ಈಗಿನ ಹುಬ್ಬಳ್ಳಿ ನಕಾಶೆಯಲ್ಲಿ ತುಂಬಿದೆ. ಚಿಗರಿ ಬಸ್ಸಿನ ಪ್ರತ್ಯೇಕ ದಾರಿ, 2023ರಲ್ಲಿ ಉದ್ಘಾಟನೆಯಾದ 1507 ಮೀಟರಿನ ರೈಲ್ವೆ ಪ್ಲಾಟ್‌ಫಾರ್ಮು, ಚೆನ್ನಮ್ಮ ಸರ್ಕಲ್ಲಿನ ಮೇಲ್ಸೇತುವೆಯ ಕಾಮಗಾರಿ ಎಲ್ಲವನ್ನೂ ಬರೆದು ತಿದ್ದುವ ಕೆಲಸ ಮುಗಿಯುವಂಥದ್ದಲ್ಲ. ಪಾಲಿಕೆಯ ವಾರ್ಡುಗಳು 67 ಇದ್ದದ್ದು 2021ರ ಚುನಾವಣೆಗೆ 82 ಆದವು, ತಾವು ಯಾವ ವಾರ್ಡಿನವರು ಎಂದು ಹೇಳಬಲ್ಲವರು ಕಡಿಮೆ. ದುರ್ಗದಬೈಲನ್ನು ಬರೆಯುವುದು ಮಾತ್ರ ಇಂದಿಗೂ ಕಷ್ಟ. ಹಗಲು ಅದು ಬಳೆ, ಭಾಂಡೆ, ಹೂವು, ತರಕಾರಿಯ ಪೇಟೆ, ರಾತ್ರಿ ತಿನ್ನುವ ಗಾಡಿಗಳ ಸಾಲು. ಗಾಡಿಗೆ ನೆಲೆ ಇಲ್ಲವೆಂದು ನಕಾಶೆಯಲ್ಲಿ ಜಾಗವಿಲ್ಲ. ವರ್ಷಗಟ್ಟಲೆ ಅದೇ ಕಲ್ಲಿನ ಪಕ್ಕ ನಿಲ್ಲುವ ಗಾಡಿಗಿಂತ ಆರು ತಿಂಗಳಿಗೆ ಬಾಗಿಲು ಹಾಕುವ ಮೊಬೈಲ್ ಅಂಗಡಿ ಹೆಚ್ಚು ಸ್ಥಿರ ಎಂದು ನಾವು ಒಪ್ಪಿಕೊಂಡಿದ್ದೇವೆ. ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರಲ್ಲಿ ಕಾಯ್ದೆ ಬಂದಿದೆ. ಅವರನ್ನು ಎಬ್ಬಿಸುವಾಗ ಇಂಥ ಜಾಗದಲ್ಲಿ ಇಂಥವರು ಇದ್ದರು ಎಂಬುದಕ್ಕೆ ಒಂದು ನಕಾಶೆ ಇದ್ದರೆ ಉಪಯೋಗವಾದೀತು.

ನಮ್ಮ ಪುಕ್ಕಟೆ ದುಡಿಮೆಯನ್ನು ದೊಡ್ಡವರು ಬಳಸಿಕೊಳ್ಳುತ್ತಿದ್ದಾರೆ ಎಂಬ ಮಾತೂ ಬರುತ್ತದೆ. ಖರೇ. ಆ್ಯಪಲ್, ಅಮೆಜಾನ್, ಮೆಟಾ ಕಂಪನಿಗಳು ಈ ನಕಾಶೆ ಬಳಸುತ್ತವೆ, ಪಗಾರ ಕೊಟ್ಟು ತಮ್ಮ ನೌಕರರಿಂದಲೂ ಅದರಲ್ಲಿ ಬರೆಸುತ್ತವೆ. ನನಗೆ ತಕರಾರಿಲ್ಲ. ಗೂಗಲ್ಲಿನ 'ಮ್ಯಾಪ್ ಮೇಕರ್'ಗೆ ಸಾವಿರಾರು ಭಾರತೀಯರು ತಮ್ಮ ಓಣಿಗಳನ್ನು ಬರೆದುಕೊಟ್ಟರು, ಕಂಪನಿ 2017ರಲ್ಲಿ ಅದನ್ನು ಮುಚ್ಚಿತು, ಬರೆದದ್ದು ಕಂಪನಿಯಲ್ಲೇ ಉಳಿಯಿತು. ಇಲ್ಲಿ ಹಾಗಿಲ್ಲ. ಕಂಪನಿ ತೆಗೆದುಕೊಂಡ ಮೇಲೂ ನಮ್ಮ ಓಣಿ ನಮ್ಮ ಕೈಯಲ್ಲಿರುತ್ತದೆ.

ಇಷ್ಟೆಲ್ಲ ಆಗಿ ಏನು ಬದಲಾಯಿತು? ಊಟದ ಡಬ್ಬಿ ತರುವ ಹುಡುಗ ಯಾರ ಪೈಕಿ ಎಂದು ಯಾರಿಗೂ ಹೇಳದೆ ನಮ್ಮ ಬಾಗಿಲಿಗೆ ಬರುತ್ತಾನೆ. ಪರ ಊರಿನ ಹುಡುಗಿ ಯಾರ ಮುಂದೆಯೂ ನಿಲ್ಲದೆ ತನ್ನ ಪಿ.ಜಿ. ಹುಡುಕಿಕೊಳ್ಳುತ್ತಾಳೆ. ಅದೇ ಹುಡುಗ, ಅದೇ ಹುಡುಗಿ ಬಾಡಿಗೆ ಮನೆ ಕೇಳಿದರೆ ಹಳೆಯ ಪ್ರಶ್ನೆಗಳು ಹಾಗೇ ಬರುತ್ತವೆ. ನಕಾಶೆ ಬಾಗಿಲಿನವರೆಗೆ ತಂದು ಬಿಡುತ್ತದೆ, ಬಾಗಿಲು ತೆರೆಸುವ ಕೆಲಸ ಅದರದ್ದಲ್ಲ. ತಂತ್ರಜ್ಞಾನ ಜಾತಿ ಅಳಿಸುತ್ತದೆ ಎಂಬ ಭಾಷಣ ಕೇಳಿದಾಗಲೆಲ್ಲ ನನಗೆ ಈ ಬಾಗಿಲು ಅಡ್ಡ ಬರುತ್ತದೆ.

ಮೂವರು ಮುಖ್ಯಮಂತ್ರಿಗಳನ್ನು ಕಂಡ ಊರು ನಮ್ಮದು: ಎಸ್.ಆರ್. ಬೊಮ್ಮಾಯಿ, ಜಗದೀಶ ಶೆಟ್ಟರ್, ಬಸವರಾಜ ಬೊಮ್ಮಾಯಿ. ಅಭಿಪ್ರಾಯಕ್ಕೆ ಇಲ್ಲಿ ಬರ ಬಂದಿಲ್ಲ, ಬರುವುದೂ ಇಲ್ಲ. ಮೊದಲು ಗಾಡಿಯ ಮುಂದೆ ಹೇಳುತ್ತಿದ್ದುದನ್ನು ಈಗ ವಾಟ್ಸ್ಆ್ಯಪ್ಪಿನಲ್ಲಿ ಹೇಳುತ್ತೇವೆ, ಅಷ್ಟೇ. ನಕಾಶೆಯ ಕೆಲಸದಲ್ಲಿ ನನಗೆ ಹಿಡಿಸಿದ್ದು ಒಂದೇ ಸಂಗತಿ. ಇಲ್ಲಿ ಮಾತು ಹೇಳಿ ಎದ್ದು ಹೋಗಲಾಗುವುದಿಲ್ಲ, ನಾಳೆ ಇನ್ನೊಬ್ಬರು ಅದೇ ಜಾಗಕ್ಕೆ ಹೋಗಿ ನೋಡಿ ತಿದ್ದುತ್ತಾರೆ. ಯಾವ ಪಕ್ಷದವರಾದರೂ ಸರಿ, ನಿಮ್ಮ ಓಣಿಯನ್ನು ಒಮ್ಮೆ ತೆರೆದು ನೋಡಿ. ಕನ್ನಡದ ಹೆಸರು ಇಲ್ಲದಿದ್ದರೆ ಬರೆಯಿರಿ. ಶೌಚಾಲಯ, ಕುಡಿಯುವ ನೀರು, ಗಾಲಿಕುರ್ಚಿ ಹತ್ತದ ಮೆಟ್ಟಿಲು, ಅಂಗನವಾಡಿ ಎಲ್ಲಿವೆ ಎಂದು ಗುರುತು ಹಾಕಿ. ಮನೆಯ ಹೆಣ್ಣುಮಕ್ಕಳ ಕೈಗೆ ಫೋನು ಕೊಟ್ಟು ಅವರು ಓಡಾಡುವ ಊರನ್ನೂ ಬರೆಸಿ. ದೇಶದ ಬಗ್ಗೆ ಮಾತಾಡಲು ಆಮೇಲೆ ಬೇಕಾದಷ್ಟು ಹೊತ್ತು ಇದೆ.